ಕೆಲಸ ಎಷ್ಟು, ಯಾರಿಗೆ, ಎಷ್ಟು ದಿನ?

1982ರ ಡಿಸೆಂಬರ್‌ನಲ್ಲಿ ಮಧ್ಯಪ್ರದೇಶದ ವಿಧಾನಸಭೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಭೋಪಾಲದ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯಲ್ಲಿ ಮೇಲಿಂದ ಮೇಲೆ ಅನಿಲ ಸೋರುತ್ತಿದೆ, ಹಿಂದಿನ ವರ್ಷ ಒಬ್ಬ ಕಾರ್ಮಿಕ ಸತ್ತೂ ಹೋಗಿದ್ದಾನೆ, ಅದನ್ನು ಊರಾಚೆ ಸಾಗಿಸಬಾರದೇಕೆ ಎಂದು. ಉತ್ತರ ಕೊಟ್ಟವರು ಸಚಿವ ತಾರಾಸಿಂಗ್ ವಿಯೋಗಿ. ಇದರಲ್ಲಿ 25 ಕೋಟಿ ರೂಪಾಯಿ ಹೂಡಿದ್ದಾರೆ, ಎತ್ತಿ ಇನ್ನೊಂದು ಕಡೆ ಇಡಲು ಇದು ಸಣ್ಣ ಕಲ್ಲಲ್ಲ, ಭೋಪಾಲಕ್ಕೆ ಅಪಾಯವಿಲ್ಲ, ಮುಂದೆಯೂ ಇರುವುದಿಲ್ಲ ಎಂಬುದು ಆ ಉತ್ತರದ ಸಾರ. ಎರಡು ವರ್ಷ ತುಂಬುವ ಮೊದಲೇ, 1984ರ ಡಿಸೆಂಬರ್ 2ರ ರಾತ್ರಿ, ಕಾರ್ಖಾನೆಯ 610ನೇ ಟ್ಯಾಂಕಿನಿಂದ ಮೀಥೈಲ್ ಐಸೊಸಯನೇಟ್ ಎಂಬ ವಿಷಾನಿಲ ಮಲಗಿದ್ದ ಊರಿನ ಮೇಲೆ ಹರಿಯಿತು.

ವಿಯೋಗಿ ಕೈಗಾರಿಕಾ ಸಚಿವರಾಗಿರಲಿಲ್ಲ, ಕಾರ್ಮಿಕ ಸಚಿವರಾಗಿದ್ದರು. ಕಾರ್ಮಿಕನ ಜೀವ ಕಾಯಬೇಕಾದ ಖಾತೆಯೇ ಎದ್ದು ನಿಂತು ಬಂಡವಾಳದ ಮೊತ್ತವನ್ನು ಓದಿತು. ನನ್ನನ್ನು ಇಷ್ಟು ವರ್ಷ ಕಾಡಿದ ಸಂಗತಿ ಇದು.

ಏಕೆಂದರೆ ಆ ಉತ್ತರ ಇವತ್ತಿಗೂ ನಮ್ಮ ನಡುವೆ ಓಡಾಡಿಕೊಂಡಿದೆ. ಕೀಟನಾಶಕವನ್ನೋ ಕಳೆನಾಶಕವನ್ನೋ ತಯಾರಿಸುವ ಕಾರ್ಖಾನೆಯೊಂದು ತನ್ನ ಸಾಮರ್ಥ್ಯವನ್ನು ಎರಡರಷ್ಟು, ಮೂರರಷ್ಟು ಮಾಡಿಕೊಳ್ಳಲು ಹೊರಟಾಗ ಪತ್ರಿಕೆಯ ತಲೆಬರಹ ನೋಡಿ: ಇಷ್ಟು ಕೋಟಿ ಹೂಡಿಕೆ, ಇಷ್ಟು ಸಾವಿರ ಉದ್ಯೋಗ. ಶಾಸಕರು ಅದನ್ನೇ ಹೇಳುತ್ತಾರೆ, ಸೋತ ಅಭ್ಯರ್ಥಿಯೂ ಅದನ್ನೇ ಹೇಳುತ್ತಾನೆ. ಈ ಒಂದು ವಿಷಯದಲ್ಲಿ ಪಕ್ಷಭೇದವೇ ಇಲ್ಲ. ಎದ್ದು ನಿಂತು ಪ್ರಶ್ನೆ ಕೇಳಿದವನು ನಮ್ಮ ಹುಡುಗರ ಅನ್ನಕ್ಕೆ ಮಣ್ಣು ಹಾಕುವವನು. ಕಾರ್ಖಾನೆ ಬೆಳೆದರೆ ಕೆಲಸ ಬೆಳೆಯುತ್ತದೆ ಎಂಬ ಈ ನಂಬಿಕೆಯನ್ನು ಯಾರೂ ತೂಗಿ ನೋಡುವುದಿಲ್ಲ. ನಾನು ತೂಗಿ ನೋಡಿದ್ದೇನೆ. ಅದು ಸುಳ್ಳು, ಜನರನ್ನು ಕೊಂದಿರುವ ಸುಳ್ಳು.

ಭೋಪಾಲದ ಕಥೆಯನ್ನು ನಾವು ಒಂದು ರಾತ್ರಿಯ ಅಪಘಾತದಂತೆ ನೆನೆಯುತ್ತೇವೆ. ಅದು ಒಂದು ವಿಸ್ತರಣೆಯ ಕಥೆ. 1969ರಲ್ಲಿ ಶುರುವಾದಾಗ ಅಲ್ಲಿ ಹೊರಗಿನಿಂದ ಬಂದ ಕೀಟನಾಶಕವನ್ನು ಬೆರೆಸಿ ಡಬ್ಬಿಗೆ ತುಂಬುವ ಕೆಲಸವಷ್ಟೇ ನಡೆಯುತ್ತಿತ್ತು. ಆಮೇಲೆ ದೊಡ್ಡ ಯೋಜನೆ ಬಂತು. ಸೆವಿನ್ ಎಂಬ ಹೆಸರಿನಲ್ಲಿ ಮಾರುತ್ತಿದ್ದ ಕಾರ್ಬಾರಿಲ್ ಅನ್ನು ವರ್ಷಕ್ಕೆ ಸುಮಾರು 5,000 ಟನ್ ತಯಾರಿಸಬೇಕು, ಅದಕ್ಕೆ ಬೇಕಾದ ಮೀಥೈಲ್ ಐಸೊಸಯನೇಟನ್ನು ಅಮೆರಿಕದಿಂದ ತರಿಸುವ ಬದಲು ಇಲ್ಲೇ ಮಾಡಬೇಕು. ಇಂಥ ಅಪಾಯದ ಕೈಗಾರಿಕೆಗಳು ಊರಿನಿಂದ ದೂರವಿರಬೇಕೆಂದು 1975ರ ಭೋಪಾಲ ನಗರ ಯೋಜನೆ ಹೇಳಿತ್ತು. ಹೇಳಿದ್ದು ಕಾಗದದಲ್ಲೇ ಉಳಿಯಿತು. 1980ರ ಹೊತ್ತಿಗೆ ಹೊಸ ಘಟಕ ಓಡತೊಡಗಿತು, ರೈಲು ನಿಲ್ದಾಣಕ್ಕೆ ಹತ್ತಿರದಲ್ಲೇ, ಗುಡಿಸಲುಗಳ ಪಕ್ಕದಲ್ಲಿ. ಓದಿದ ಹುಡುಗರು ಆ ಸಮವಸ್ತ್ರ ಹಾಕಿಕೊಳ್ಳುವುದನ್ನು ಹೆಮ್ಮೆಯೆಂದು ತಿಳಿದಿದ್ದರು.

ಮುಂದೆ ಏನಾಯಿತು? ಮಾಲು ಖರ್ಚಾಗಲಿಲ್ಲ. ಬರಗಾಲ ಬಂತು, ರೈತರ ಕೈ ಖಾಲಿಯಾಯಿತು, ಅಗ್ಗದ ಬೇರೆ ಕೀಟನಾಶಕಗಳು ಬಂದವು. 1983ರಲ್ಲಿ ಉತ್ಪಾದನೆ ಸಾಮರ್ಥ್ಯದ ಮೂರನೇ ಒಂದರಷ್ಟಕ್ಕೆ ಇಳಿದಿತ್ತು. ನಷ್ಟ ಬಂದಾಗ ಕಾರ್ಖಾನೆ ಮೊದಲು ಕತ್ತರಿಸಿದ್ದು ಯಾವುದನ್ನು? ಯಾವ ಕೆಲಸಗಳ ಹೆಸರಿನಲ್ಲಿ ಅದನ್ನು ಊರೊಳಗೆ ಉಳಿಸಿಕೊಂಡಿದ್ದರೋ ಅವನ್ನೇ. ಮೀಥೈಲ್ ಐಸೊಸಯನೇಟ್ ಘಟಕದಲ್ಲಿ ಪಾಳಿಗೆ 12 ಜನರಿದ್ದದ್ದು 6 ಆಯಿತು. ರಿಪೇರಿ, ನಿರ್ವಹಣೆಯವರು 6 ಇದ್ದದ್ದು 2 ಆಯಿತು. ತಿಂಗಳುಗಟ್ಟಲೆ ನಡೆಯುತ್ತಿದ್ದ ತರಬೇತಿ ದಿನಗಳಿಗೆ ಇಳಿಯಿತು. ರಾತ್ರಿ ಪಾಳಿಯ ನಿರ್ವಹಣಾ ಮೇಲ್ವಿಚಾರಕನ ಹುದ್ದೆಯನ್ನು ದುರಂತಕ್ಕೆ ಕೆಲವೇ ದಿನ ಮೊದಲು ತೆಗೆದುಹಾಕಿದರು. ಟ್ಯಾಂಕನ್ನು ತಣ್ಣಗಿಡಬೇಕಿದ್ದ ಶೀತಲ ಯಂತ್ರ 1984ರ ಜೂನ್‌ನಿಂದಲೇ ನಿಂತಿತ್ತು. ಸೋರಿದ ಅನಿಲವನ್ನು ಸುಡಬೇಕಿದ್ದ ಗೋಪುರದ ಪೈಪು ಬಿಚ್ಚಿಟ್ಟಿತ್ತು. ಆ ರಾತ್ರಿ ಟ್ಯಾಂಕಿನೊಳಗೆ 40 ಟನ್ನಿಗೂ ಹೆಚ್ಚು ವಿಷವಿತ್ತು, ಹೊರಗೆ ಅದನ್ನು ಕಾಯಲು ಅರ್ಧಕ್ಕರ್ಧ ಕೈಗಳಿದ್ದವು.

ಇದನ್ನು ನಿಧಾನವಾಗಿ ಓದಿಕೊಳ್ಳಿ ಎಂದು ಬೇಡುತ್ತೇನೆ. ಕೆಲಸ ಕೊಡುತ್ತದೆಂದು ಒಪ್ಪಿಕೊಂಡ ಕಾರ್ಖಾನೆ ಊರನ್ನು ಕೊಂದದ್ದು ಕೆಲಸಗಾರರನ್ನು ಕಡಿಮೆ ಮಾಡಿಕೊಂಡು. ವಿಷದ ಕಾರ್ಖಾನೆಯಲ್ಲಿ ಕೆಲಸ ಎಂದರೆ ಸಂಬಳ ಮಾತ್ರವಲ್ಲ, ಕಾವಲೂ ಹೌದು. ಒಂದು ಹುದ್ದೆ ಹೋದರೆ ಒಂದು ಕಣ್ಣು ಮುಚ್ಚಿದಂತೆ. ಆದರೂ ವಿಸ್ತರಣೆಯ ಕಡತದಲ್ಲಿ ಟ್ಯಾಂಕಿನ ಗಾತ್ರ ಕಡ್ಡಾಯ, ಯಂತ್ರದ ಸಾಮರ್ಥ್ಯ ಕಡ್ಡಾಯ. ಪಾಳಿಗೆ ಎಷ್ಟು ಜನ ಇರಲೇಬೇಕು ಎಂಬುದು ಮಾತ್ರ ಕಂಪನಿಯ ಮರ್ಜಿ. ಇದನ್ನು ಇನ್ನೂ ಎಷ್ಟು ಕಾಲ ಒಪ್ಪಿಕೊಂಡಿರಬೇಕು?

ಲೆಕ್ಕವನ್ನೇ ಮಾಡುವುದಾದರೆ ಪೂರ್ತಿ ಮಾಡೋಣ. ಆ ಕಾರ್ಖಾನೆ ಒಳ್ಳೆಯ ದಿನಗಳಲ್ಲೂ ಕೆಲಸ ಕೊಟ್ಟದ್ದು ಸುಮಾರು ಸಾವಿರ ಜನರಿಗೆ. ಅನಿಲದಿಂದ ಘಾಸಿಗೊಂಡವರು 5,58,125 ಮಂದಿ ಎಂದು ಸರ್ಕಾರವೇ ನ್ಯಾಯಾಲಯಕ್ಕೆ ಹೇಳಿದೆ. ಒಂದು ಕೆಲಸಕ್ಕೆ ಐನೂರಕ್ಕೂ ಹೆಚ್ಚು ಜನರ ಶ್ವಾಸಕೋಶ. ಸತ್ತವರ ಸರ್ಕಾರಿ ಲೆಕ್ಕ ಮೊದಲು 2,259, ಆಮೇಲೆ 3,787. ನಿಜವಾದ ಲೆಕ್ಕ ಅದಕ್ಕಿಂತ ಬಹಳ ದೊಡ್ಡದೆಂದು ಆ ಊರಿನವರು ಇಂದಿಗೂ ಹೋರಾಡುತ್ತಿದ್ದಾರೆ. ಕಾರ್ಖಾನೆ ಮುಚ್ಚಿತು, ಸಾವಿರ ಕೆಲಸವೂ ಹೋಯಿತು. ಅಲ್ಲಿ ಬಿದ್ದಿದ್ದ 337 ಟನ್ ವಿಷತ್ಯಾಜ್ಯವನ್ನು ತೆಗೆದು ಪೀತಂಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ. ದುರಂತವಾಗಿ 40 ವರ್ಷದ ಮೇಲೆ, ಸರ್ಕಾರದ ಹಣದಲ್ಲಿ. ಇನ್ನು ಆ ಕಾರ್ಬಾರಿಲ್? ಅದನ್ನು 2018ರಲ್ಲಿ ಭಾರತ ನಿಷೇಧಿಸಿತು. ಯಾವ ವಸ್ತುವನ್ನು ತಯಾರಿಸಲು ಇಷ್ಟೆಲ್ಲ ಆಯಿತೋ ಅದು ಈ ದೇಶದ ಹೊಲಕ್ಕೆ ಬೇಡವಾದ ವಸ್ತು.

ಭೋಪಾಲ ಹಳೆಯ ಕಥೆ, ಈಗ ಕಾನೂನು ಬಿಗಿಯಾಗಿದೆ ಎನ್ನುವವರಿದ್ದಾರೆ. ಸರಿ, ಈಗಿನದನ್ನೇ ನೋಡೋಣ.

ಕೆಲವು ವರ್ಷಗಳ ಹಿಂದೆ ಕಲ್ಯಾಣ ಕರ್ನಾಟಕದ ಒಂದು ಊರಿನಲ್ಲಿ ಇಂಥದ್ದೇ ವಿಸ್ತರಣೆಯ ಸಾರ್ವಜನಿಕ ಅಹವಾಲು ಸಭೆಗೆ ಹೋಗಿದ್ದೆ. ಶಾಮಿಯಾನ, ಕೆಂಪು ಪ್ಲಾಸ್ಟಿಕ್ ಕುರ್ಚಿ, ವೇದಿಕೆಯ ಮೇಲೆ ನೀರಿನ ಬಾಟಲಿ. ನನ್ನ ಪಕ್ಕ ಅರವತ್ತು ದಾಟಿದ ರೈತರೊಬ್ಬರು ಕುಳಿತಿದ್ದರು. ತೊಡೆಯ ಮೇಲೆ ಪ್ಲಾಸ್ಟಿಕ್ ಕವರು, ಅದರೊಳಗೆ ಸಣ್ಣ ಮಗನ ಐಟಿಐ ಅಂಕಪಟ್ಟಿಯ ಜೆರಾಕ್ಸು.

"ಸರ, ಇದು ಯಾರ ಕೈಯಾಗ ಕೊಡಬೇಕ್ರಿ?" ಎಂದು ಕೇಳಿದರು.

ದೊಡ್ಡ ಮಗ ಏನು ಮಾಡುತ್ತಾನೆ ಯಜಮಾನ್ರೇ, ಎಂದೆ. "ಇದ ಫ್ಯಾಕ್ಟರ್ಯಾಗ ಅದಾನ್ರಿ. ಭೂಮಿ ಕೊಟ್ಟಾಗ ಮನಿಗೊಂದು ನೌಕರಿ ಅಂದಿದ್ರು. ಗುತ್ತಿಗೆದಾರನ ಕಡಿಂದ ಹೋಗ್ತಾನ. ಚೀಲ ಹೊರತಾನ, ಡ್ರಮ್ಮು ಉರುಳಿಸ್ತಾನ." ಆ ಮಗ ಹಿಂದೆಯೇ ನಿಂತಿದ್ದ. ಕೊರಳಿನ ಪಾಸು ತೋರಿಸಿದ. ಅದರ ಮೇಲೆ ಕಂಪನಿಯ ಹೆಸರಿರಲಿಲ್ಲ. ಕೆಲಸಗಾರರನ್ನು ಪೂರೈಸುವ ಯಾವುದೋ ಏಜೆನ್ಸಿಯ ಹೆಸರು, ಕೆಳಗೆ ಮೂರು ತಿಂಗಳ ಅವಧಿ. ರಕ್ತ ಪರೀಕ್ಷೆ ಮಾಡುತ್ತಾರೇನಪ್ಪ ಎಂದು ಕೇಳಿದೆ. "ಸೇರಿಸ್ಕೊಳ್ಳೋವಾಗ ಒಂದ್ಸಲ ತಗೊಂಡಿದ್ರು ಸರ. ಏನ್ ಬಂತು ಅಂತ ಹೇಳ್ಲಿಲ್ಲ." ಅಪ್ಪ ಮೆಲ್ಲಗೆ ಸೇರಿಸಿದರು: "ಇವನ ಅಂಗಿ ಬ್ಯಾರೆ ಒಗೀತಾಳ್ರಿ ಇವರವ್ವ. ಮನಿ ಅರಬಿ ಜೊತಿ ಹಾಕಂಗಿಲ್ಲ."

ಆ ತಾಯಿಗೆ ಯಾವ ತಜ್ಞರ ವರದಿಯೂ ಬೇಕಾಗಿರಲಿಲ್ಲ. ಮಗನ ಅಂಗಿಯನ್ನು ಮೂಸಿ ಬೇರೆ ಇಟ್ಟಿದ್ದಳು. ವೇದಿಕೆಯ ಮೇಲಿದ್ದವರು ಅದೇ ಹೊತ್ತಿಗೆ ಉದ್ಯೋಗ ಸೃಷ್ಟಿಯ ಬಗ್ಗೆ ಮಾತಾಡುತ್ತಿದ್ದರು.

ಕೀಟನಾಶಕ ತಯಾರಿಸುವ ಕಡೆ ರಂಜಕಯುಕ್ತ ಮತ್ತು ಕಾರ್ಬಮೇಟ್ ಜಾತಿಯ ವಿಷಗಳನ್ನು ಮುಟ್ಟುವ ಪ್ರತಿಯೊಬ್ಬ ಕೆಲಸಗಾರನ ರಕ್ತದಲ್ಲಿ ಕೋಲಿನ್‌ಎಸ್ಟರೇಸ್ ಎಷ್ಟಿದೆ ಎಂದು ತಿಂಗಳಿಗೊಮ್ಮೆ ಅಳೆಯಬೇಕು. ಇದು ನನ್ನ ಬೇಡಿಕೆಯಲ್ಲ, 1971ರ ಕೀಟನಾಶಕ ನಿಯಮಗಳಲ್ಲೇ ಇದೆ. ನರಗಳ ಸಂಕೇತವನ್ನು ಹತೋಟಿಯಲ್ಲಿಡುವ ಕಿಣ್ವ ಅದು. ಅದು ಇಳಿಯುತ್ತಾ ಹೋದರೆ ವಿಷ ಮೈಗೆ ಸೇರುತ್ತಿದೆ ಎಂದರ್ಥ. ಕೈ ನಡುಗುವ, ಉಸಿರು ಕಟ್ಟುವ ಮೊದಲೇ ಗೊತ್ತಾಗುತ್ತದೆ. ಮೂರು ತಿಂಗಳ ಪಾಸಿನವನನ್ನು ಯಾರು ಅಳೆಯುತ್ತಾರೆ? ಅಳೆದರೂ, ನಾಲ್ಕನೇ ತಿಂಗಳು ಅವನು ಇನ್ನೊಬ್ಬ ಗುತ್ತಿಗೆದಾರನ ಕೈಕೆಳಗೆ ಇನ್ನೊಂದು ಗೇಟಿನಲ್ಲಿ ನಿಂತಿರುತ್ತಾನೆ. ಅವನ ಕಾಯಿಲೆಗೆ ಯಾವ ಕಂಪನಿಯೂ ಅಪ್ಪನಲ್ಲ.

ದೇಶದ ಕಾರ್ಖಾನೆಗಳಲ್ಲಿ ದುಡಿಯುವ ಕಾರ್ಮಿಕರಲ್ಲಿ ನೂರಕ್ಕೆ ಸುಮಾರು 40 ಮಂದಿ ಗುತ್ತಿಗೆಯವರು ಎಂದು ಸರ್ಕಾರದ ವಾರ್ಷಿಕ ಕೈಗಾರಿಕಾ ಸಮೀಕ್ಷೆಯೇ ತೋರಿಸುತ್ತದೆ. ಅದರಲ್ಲೂ ರಾಸಾಯನಿಕ ಕಾರ್ಖಾನೆ ಎಂದರೆ ಪೈಪು, ವಾಲ್ವು, ಗಣಕಪರದೆಗಳ ಲೋಕ. ಹಣ ಯಂತ್ರಕ್ಕೆ ಹೋಗುತ್ತದೆ, ಮನುಷ್ಯರಿಗಲ್ಲ. ವಿಸ್ತರಣೆ ಎಂದಾಗ ಸಾಮಾನ್ಯವಾಗಿ ಬರುವುದು ಹೊಸ ರಿಯಾಕ್ಟರು, ತಾನೇ ತುಂಬಿ ಮುಚ್ಚಳ ಬಿಗಿಯುವ ಹೊಸ ಯಂತ್ರ. ಪರದೆಯ ಮುಂದೆ ಕೂರುವ ಎಂಜಿನಿಯರು ಹೊರಗಿನಿಂದ ಬರುತ್ತಾನೆ. ಭೂಮಿ ಕೊಟ್ಟವನ ಮಗನಿಗೆ ಉಳಿಯುವುದು ಚೀಲ, ಡ್ರಮ್ಮು, ಕಸಬರಿಗೆ, ಗೇಟು. ಯಾದಗಿರಿ ಜಿಲ್ಲೆಯ ಕಡೇಚೂರು–ಬಾಡಿಯಾಳದಲ್ಲಿ ಕೈಗಾರಿಕಾ ಪ್ರದೇಶಕ್ಕೆಂದು ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿ ಹೋಯಿತು. ಇಂದು ಸುತ್ತಲಿನ ಹಳ್ಳಿಯವರು ದೂರುತ್ತಿರುವುದು ರಾತ್ರಿ ಹೊತ್ತಿನ ದುರ್ವಾಸನೆಯ ಬಗ್ಗೆ, ಕೆಟ್ಟ ನೀರಿನ ಬಗ್ಗೆ. ಸ್ಥಳೀಯರಿಗೆ ಕೆಲಸ ಕಡ್ಡಾಯ ಮಾಡುವ ಮಸೂದೆಯನ್ನು 2024ರ ಜುಲೈನಲ್ಲಿ ನಮ್ಮ ಸಚಿವ ಸಂಪುಟ ಒಪ್ಪಿತು, ಉದ್ಯಮಿಗಳು ಗದ್ದಲ ಎಬ್ಬಿಸಿದರು, ಎರಡೇ ದಿನದಲ್ಲಿ ಅದು ತಡೆಹಿಡಿಯಲ್ಪಟ್ಟಿತು. ಕೆಲಸ ಕೊಡುತ್ತೇವೆ ಎಂದು ಭಾಷಣದಲ್ಲಿ ಹೇಳುವವರು ಕಾಯ್ದೆಯಲ್ಲಿ ಬರೆದುಕೊಡಲು ಏಕೆ ಹಿಂಜರಿಯುತ್ತಾರೆ?

ಪತ್ರಿಕಾ ಹೇಳಿಕೆಯ ಇನ್ನೊಂದು ಮಾತು 'ಪರೋಕ್ಷ ಉದ್ಯೋಗ'. ಲಾರಿ, ಚಹಾದಂಗಡಿ, ಬಾಡಿಗೆ ಮನೆ ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ. ಪರೋಕ್ಷ ಲಾಭವನ್ನು ಲೆಕ್ಕ ಹಾಕುವವರು ಪರೋಕ್ಷ ನಷ್ಟವನ್ನು ಏಕೆ ಬಿಡುತ್ತಾರೆ? ಹಳ್ಳಕ್ಕೆ ಹೋದ ನೀರಿನಿಂದ ಕೆಲಸ ಕಳೆದುಕೊಂಡ ಮೀನುಗಾರನನ್ನು, ಬಾವಿ ಕೆಟ್ಟು ಎಮ್ಮೆ ಮಾರಿದ ಹೆಂಗಸನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತೀರಿ?

ಕಾಸರಗೋಡಿಗೆ ಹೋಗಿ ಈ ಪ್ರಶ್ನೆ ಕೇಳಿ. ಅಲ್ಲಿಯವರು ಕನ್ನಡದಲ್ಲೇ ಉತ್ತರ ಕೊಡುತ್ತಾರೆ. ಎಣ್ಮಕಜೆ ಪಂಚಾಯತಿಯ ಪಡ್ರೆ, ಸ್ವರ್ಗದ ಗುಡ್ಡಗಳ ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಕಾಲು ತಿರುಚಿದ ಕರುಗಳು ಹುಟ್ಟುತ್ತಿವೆ ಎಂದು ಪತ್ರಕರ್ತ ಶ್ರೀಪಡ್ರೆ ಬರೆದದ್ದು 1979ರಲ್ಲಿ. ಹಳ್ಳಿಯ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳನ್ನು ನೋಡಿ ಗಾಬರಿಯಾಗಿ ಕೂಗಿಕೊಂಡರು. ಸಿಂಪಡಣೆ ನಿಂತದ್ದು 2000ದ ಕೊನೆಗೆ. ಸುಪ್ರೀಂ ಕೋರ್ಟು ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಯನ್ನು ತಡೆದದ್ದು 2011ರ ಮೇ 13ರಂದು. ಅಷ್ಟು ವರ್ಷ ಅದರ ಪರವಾಗಿ ನಿಂತವರ ಕೈಯಲ್ಲಿದ್ದ ಆಯುಧಗಳಲ್ಲಿ ಒಂದು ಇದೇ: ಕಾರ್ಖಾನೆ ನಿಂತರೆ ಕಾರ್ಮಿಕರ ಗತಿಯೇನು?

ನಾನು ತಿರುಗಿ ಕೇಳುತ್ತೇನೆ. ಪಡ್ರೆಯಲ್ಲೋ, ಇದೇ ವಿಷ ಬಿದ್ದ ನಮ್ಮ ದಕ್ಷಿಣ ಕನ್ನಡದ ಕೊಕ್ಕಡದಲ್ಲೋ ಇಪ್ಪತ್ತೈದು ವರ್ಷದ ಮಗನಿಗೆ ಇವತ್ತೂ ಕೈತುತ್ತು ತಿನ್ನಿಸುವ ತಾಯಿಯ ಗತಿಯೇನು? ಅವಳು ಬೀಡಿ ಕಟ್ಟುತ್ತಿದ್ದಳು, ಅಡಿಕೆ ಸುಲಿಯಲು ಹೋಗುತ್ತಿದ್ದಳು. ಅದನ್ನೆಲ್ಲ ಬಿಟ್ಟು ಮಗನನ್ನು ಎತ್ತುವುದು, ತೊಳೆಯುವುದು, ಮಗ್ಗುಲು ಬದಲಿಸುವುದೇ ಅವಳ ದುಡಿಮೆಯಾಗಿದೆ. ರಜೆಯಿಲ್ಲ, ಸಂಬಳವಿಲ್ಲ, ನಿವೃತ್ತಿಯಿಲ್ಲ. ಎಂಡೋಸಲ್ಫಾನ್ ಕಾರ್ಖಾನೆ ಅವಳಿಗೆ ಕೊಟ್ಟ ಉದ್ಯೋಗ ಅದು. ಸರ್ಕಾರ ಮಾಸಾಶನ ಕೊಡುತ್ತದೆ, ಕೊಕ್ಕಡ, ಕೊಯಿಲಗಳಲ್ಲಿ ಹಗಲು ಪಾಲನಾ ಕೇಂದ್ರ ನಡೆಸಿದೆ. ಆ ವೆಚ್ಚ ತೆರಿಗೆದಾರನದು. ಲಾಭ ಯಾವಾಗಲೋ ಹಂಚಿಹೋಗಿದೆ.

ವಿಸ್ತರಣೆಯ ಅತಿ ದೊಡ್ಡ ಕೇಡು ಇಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ. ಒಂದು ಸಲ ಕಾರ್ಖಾನೆ ಬೆಳೆದು, ಅದರ ಸುತ್ತ ಸಾವಿರ ಹೊಟ್ಟೆ ಕಟ್ಟಿಕೊಂಡರೆ, ಆ ಹೊಟ್ಟೆಗಳೇ ವಿಷದ ಗುರಾಣಿಯಾಗುತ್ತವೆ. ಬೇರೆ ದೇಶಗಳು ಕೈಬಿಟ್ಟರೂ ಭಾರತದಲ್ಲಿ ಉಳಿದಿದ್ದ 66 ಕೀಟನಾಶಕಗಳನ್ನು ಪರಿಶೀಲಿಸಲು 2013ರಲ್ಲಿ ಅನುಪಮ್ ವರ್ಮಾ ಸಮಿತಿ ಬಂತು. 2020ರ ಮೇ ತಿಂಗಳಲ್ಲಿ ಕೇಂದ್ರ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಹೊರಡಿಸಿತು. ಉದ್ಯಮ ಮುಗಿಬಿತ್ತು. 2023ರಲ್ಲಿ ನಿಷೇಧದ ಪಟ್ಟಿಯಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ನಡುವೆ ನಮ್ಮ ಹೊಲಗಳಲ್ಲಿ ಏನು ನಡೆಯಿತೆಂಬುದಕ್ಕೆ ಮಹಾರಾಷ್ಟ್ರದ ಯವತ್ಮಾಳ ಸಾಕ್ಷಿ. 2017ರ ಹತ್ತಿ ಹಂಗಾಮಿನಲ್ಲಿ ಆ ಒಂದೇ ಜಿಲ್ಲೆಯಲ್ಲಿ ಸಿಂಪಡಿಸಿದ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು, ಕೆಲವರ ಕಣ್ಣು ಮಂಜಾಯಿತು. ಅವರದೂ ಉದ್ಯೋಗವೇ ಆಗಿತ್ತಲ್ಲವೇ? ಬೆನ್ನಿಗೆ ಪಂಪು, ಮುಖಕ್ಕೆ ಟವೆಲು, ಕೋಲಿನಿಂದ ಕಲಕಿದ ಬಕೆಟ್ಟು, ದಿನಗೂಲಿ. ನಮ್ಮ ಭಾಷೆಯಲ್ಲಿ ನಾವು ಅದಕ್ಕೆ 'ಔಷಧಿ ಹೊಡೆಯೋದು' ಎನ್ನುತ್ತೇವೆ. ಅತಿ ವಿಷದ ಡಬ್ಬಿಯ ಮೇಲೆ ಕೆಂಪು ತ್ರಿಕೋನವಿರುತ್ತದೆ, ವಿಷ ಎಂದು ಬರೆದಿರುತ್ತದೆ, ನಮ್ಮ ಬಾಯಿಗೆ ಮಾತ್ರ ಅದು ಔಷಧಿ. ಈ ಮಾತನ್ನು ಬಾಯಿಗೆ ಕೂರಿಸಿದವರು ಯಾರು?

ಹಾಗಾದರೆ ನಮ್ಮ ಹುಡುಗರು ಬೆಂಗಳೂರಿಗೆ ಗುಳೆ ಹೋಗಲೇ ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು, ಕೇಳುವವರ ಸಂಕಟ ನಿಜವಾದದ್ದು. ಐಟಿಐ ಮುಗಿಸಿ ಕಟ್ಟೆಯ ಮೇಲೆ ಕುಳಿತ ಮಗನನ್ನು ದಿನಾ ನೋಡುವ ತಂದೆಗೆ ನೀತಿ ಹೇಳುವ ಹಕ್ಕು ನನಗಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಆ ಸಂಕಟವನ್ನು ಅಡವಿಟ್ಟುಕೊಂಡು ಪರವಾನಗಿ ಪಡೆಯುವುದು ಕ್ರೌರ್ಯ. ಅದೇ ಭೂಮಿ, ಅದೇ ನೀರು, ಅದೇ ವಿದ್ಯುತ್ತು, ಅದೇ ರಿಯಾಯಿತಿಯನ್ನು ಬೇಳೆಯ ಗಿರಣಿಗೆ, ಹಣ್ಣಿನ ಶೈತ್ಯಾಗಾರಕ್ಕೆ, ನೂಲಿನ ಮಿಲ್ಲಿಗೆ ಕೊಟ್ಟರೆ ಎಷ್ಟು ಕೈಗೆ ಕೆಲಸ ಸಿಗುತ್ತದೆ ಎಂದು ಯಾವ ಇಲಾಖೆಯಾದರೂ ಹೋಲಿಸಿ ತೋರಿಸಿದೆಯೇ? ತೆಲಂಗಾಣದ ಪುನುಕುಲ ಎಂಬ ಹತ್ತಿ ಬೆಳೆಯುವ ಹಳ್ಳಿ 2003ರ ಹೊತ್ತಿಗೇ ರಾಸಾಯನಿಕ ಕೀಟನಾಶಕವನ್ನು ಬಿಟ್ಟಿತು. ಅಲ್ಲಿ ಬೇವಿನ ಬೀಜ ಆಯ್ದು ಪುಡಿಮಾಡುವುದು ಹೆಂಗಸರಿಗೆ ಕೆಲಸವಾಯಿತು. ಕೀಟನಾಶಕದಂಗಡಿಗೆ ಹೋಗುತ್ತಿದ್ದ ದುಡ್ಡು ಮನೆಯಲ್ಲಿ ಉಳಿಯಿತು.

ಅಷ್ಟಾದರೂ ಕಾರ್ಖಾನೆ ಬೇಕೇ ಬೇಕು ಎನ್ನುವುದಾದರೆ ಕೆಲಸದ ಭರವಸೆಯನ್ನು ಭಾಷಣದಿಂದ ತೆಗೆದು ಪರಿಸರ ಅನುಮತಿ ಪತ್ರದ ಷರತ್ತಿನೊಳಗೆ ಬರೆಯಿರಿ. ಎಷ್ಟು ಕಾಯಂ ಹುದ್ದೆ, ಯಾವ ದರ್ಜೆ, ಭೂಮಿ ಕೊಟ್ಟ ಎಷ್ಟು ಮನೆಗೆ, ಎಷ್ಟು ವರ್ಷದವರೆಗೆ. ಹೊಗೆ, ನೀರಿನ ಬಗ್ಗೆ ಆರು ತಿಂಗಳಿಗೊಮ್ಮೆ ಕೊಡಬೇಕಾದ ಪಾಲನಾ ವರದಿಯಲ್ಲಿ ಇದನ್ನೂ ಕೊಡಲಿ, ತಪ್ಪಿದರೆ ಹೆಚ್ಚಿಸಿಕೊಂಡ ಸಾಮರ್ಥ್ಯವನ್ನು ಹಿಂದಕ್ಕೆ ಪಡೆಯಲಿ. ವಿಷದ ಘಟಕದಲ್ಲಿ ಪಾಳಿಗೆ ಕನಿಷ್ಠ ಎಷ್ಟು ಜನ ಎಂಬುದು ಕಾನೂನಾಗಲಿ, ನಷ್ಟದ ನೆಪದಲ್ಲಿ ಅದರಿಂದ ಒಬ್ಬನನ್ನೂ ತೆಗೆಯುವಂತಿರಬಾರದು. ವಿಷ ಮುಟ್ಟುವ ಜಾಗದಲ್ಲಿ ಗುತ್ತಿಗೆ ಕಾರ್ಮಿಕರನ್ನು ಇಡುವುದೇ ನಿಲ್ಲಲಿ. ತಿಂಗಳ ರಕ್ತಪರೀಕ್ಷೆಯ ಚೀಟಿ ಕನ್ನಡದಲ್ಲಿ ಕಾರ್ಮಿಕನ ಕೈಗೇ ಬರಲಿ. ನಿಷೇಧದ ಪರಿಶೀಲನೆಯಲ್ಲಿರುವ ಕೀಟನಾಶಕಕ್ಕೆ ಒಂದು ಟನ್ನೂ ವಿಸ್ತರಣೆ ಬೇಡ. ಅನುಮೋದಿತ ಕೈಗಾರಿಕಾ ಪ್ರದೇಶದ ಬೇಲಿಯೊಳಗಿದೆ ಎಂಬ ಕಾರಣಕ್ಕೆ ಸಾರ್ವಜನಿಕ ಅಹವಾಲಿನಿಂದ ವಿನಾಯಿತಿ ಕೊಡುವುದನ್ನು ಕೇಂದ್ರ ಸರ್ಕಾರ ರದ್ದು ಮಾಡಲಿ. ಗಾಳಿಗೆ ಬೇಲಿ ಎಲ್ಲಿಯದು?

ಸರ್ಕಾರ ತಾನಾಗಿ ಇದನ್ನು ಮಾಡುವವರೆಗೆ ಕಾಯಬೇಕಿಲ್ಲ. ನಿಮ್ಮ ಊರಿಗೆ ಅಹವಾಲು ಸಭೆ ಬಂದಾಗ ಮಗನ ಜೆರಾಕ್ಸಿನ ಜೊತೆಗೆ ಈ ಪ್ರಶ್ನೆಗಳನ್ನೂ ಬರೆದು ಒಯ್ಯಿರಿ. ಬಾಯಿಮಾತಿನ ಉತ್ತರ ಒಪ್ಪಬೇಡಿ. 2006ರ ಪರಿಸರ ಅಧಿಸೂಚನೆಯ ಪ್ರಕಾರ ಸಭೆಯ ನಡಾವಳಿಯನ್ನು ಕೊನೆಯಲ್ಲಿ ಎಲ್ಲರ ಮುಂದೆ ನಮ್ಮ ಭಾಷೆಯಲ್ಲಿ ಓದಿ ಹೇಳಬೇಕು, ಜಿಲ್ಲಾಧಿಕಾರಿ ಇಲ್ಲವೇ ಅವರ ಪ್ರತಿನಿಧಿ ಅದಕ್ಕೆ ಅದೇ ದಿನ ಸಹಿ ಹಾಕಬೇಕು. ನಾನು ಹೋಗಿದ್ದ ಸಭೆಯಲ್ಲಿ ಊಟದ ಪೊಟ್ಟಣ ಹಂಚುವ ಗದ್ದಲದಲ್ಲಿ ಜನ ಎದ್ದು ಹೋದರು, ಓದಿದ್ದನ್ನು ಕೇಳಲು ಯಾರೂ ಉಳಿಯಲಿಲ್ಲ. ನೀವು ಉಳಿಯಿರಿ. ಎಷ್ಟು ಕಾಯಂ ಕೆಲಸ, ಯಾರಿಗೆ, ಎಷ್ಟು ವರ್ಷ ಎಂದು ನೀವು ಕೇಳಿದ್ದು, ಅದಕ್ಕೆ ಕಂಪನಿ ಕೊಟ್ಟ ಉತ್ತರ, ಎರಡನ್ನೂ ಗಟ್ಟಿಯಾಗಿ ಓದುವ ತನಕ ಆ ಕೆಂಪು ಕುರ್ಚಿಯಿಂದ ಏಳಬೇಡಿ.